ಚುಕ್ಕಿಯಿಂದ ಪುಟದವರೆಗೆ: ಸಾದಾ ಬರಹ ಅಚ್ಚಿನ ಪುಟವಾದ ಕಥೆ



ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಾರ್ಷಿಕ ಸಂಚಿಕೆಯ ಒಂದು ಲೇಖನವನ್ನು ಮತ್ತೆ ಅಚ್ಚು ಹಾಕಿಸಬೇಕಾಯಿತು. ಬರೆದ ಹಿರಿಯ ಮೇಷ್ಟ್ರು ಆ ವೇಳೆಗೆ ತೀರಿಕೊಂಡಿದ್ದರು. ಡಿ.ಟಿ.ಪಿ. ಮಾಡಿಸಿದ ಸಿ.ಡಿ. ಅಲಮಾರಿನಲ್ಲಿ ಸಿಕ್ಕಿತು. ಸಂತೋಷದಿಂದ ಕಂಪ್ಯೂಟರಿಗೆ ಹಾಕಿ ತೆರೆದರೆ, ಕನ್ನಡ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ! ಉರ್ದು ಪುಟಗಳ ಕಡತವಂತೂ ತೆರೆಯಲೇ ಇಲ್ಲ. ಕೊನೆಗೆ ಒಂಬತ್ತನೆಯ ತರಗತಿಯ ಮಕ್ಕಳು ಉಳಿದಿದ್ದ ಒಂದೇ ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ಮತ್ತೆ ಟೈಪ್ ಮಾಡಿದರು. ಅದರಲ್ಲಿ ಒಂದು ಹಾಳೆಯನ್ನು ಗೆದ್ದಲು ತಿಂದಿತ್ತು. ಆ ಹಾಳೆಯಲ್ಲಿದ್ದ ಮಾತು ಹೋಯಿತೇ ಹೋಯಿತು.

ಈ ನಷ್ಟ ಏಕಾಯಿತು? ಬರಹ ಬೇರೆ, ಬರಹದ ಉಡುಪು ಬೇರೆ. ನಾವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೆವು. ಗಂಟು ಬಿಚ್ಚುವ ಸಾಫ್ಟ್‌ವೇರ್ ಮತ್ತು ಫಾಂಟು ಮರೆಯಾದಾಗ ಒಳಗಿನ ಬರಹವೂ ಕೈಬಿಟ್ಟಿತು. ಇವೆರಡನ್ನೂ ಬೇರೆ ಬೇರೆ ಇಡಬಹುದೆಂದು ಕೆಲವರು 1960ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಅವರ ಇತಿಹಾಸವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಅಂಚಿನಲ್ಲಿ ಬರೆದ ಗುರುತುಗಳು

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಲೇಖಕನ ಹಸ್ತಪ್ರತಿ ನೇರವಾಗಿ ಕಂಪಾಸಿಟರನ ಕೈಗೆ ಹೋಗುತ್ತಿರಲಿಲ್ಲ. ಸಂಪಾದಕರು ಮೊದಲು ಅದರ ಮೇಲೆ ಗುರುತು ಹಾಕುತ್ತಿದ್ದರು. ಇಂಗ್ಲಿಷ್ ಮುದ್ರಣದಲ್ಲಿ ಪದದ ಕೆಳಗೆ ನೇರ ಗೆರೆ ಎಳೆದರೆ ವಾಲಿದ ಅಕ್ಷರ, ಅಲೆಯ ಗೆರೆ ಎಳೆದರೆ ದಪ್ಪ ಅಕ್ಷರ. ಶೀರ್ಷಿಕೆಯ ಅಳತೆಯನ್ನು ಅಂಚಿನಲ್ಲಿ ಬರೆಯುತ್ತಿದ್ದರು. ಈ ಗುರುತು ಹಾಕುವ ಕೆಲಸಕ್ಕೆ ‘ಮಾರ್ಕಪ್’ ಎಂದು ಹೆಸರು. ಕಂಪ್ಯೂಟರಿನವರು ಆ ಹೆಸರನ್ನು ಮುದ್ರಣಾಲಯದಿಂದಲೇ ಎರವಲು ಪಡೆದರು.

1964ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಜೆರೋಮ್ ಸಾಲ್ಟ್ಜರ್ ಎಂಬ ಸಂಶೋಧನಾ ವಿದ್ಯಾರ್ಥಿ ತನ್ನ ಡಾಕ್ಟರೇಟ್ ಪ್ರಬಂಧದ ಪ್ರಸ್ತಾವನೆಯನ್ನು ಅಂದವಾಗಿ ಟೈಪ್ ಮಾಡಿ ಕೊಡಬೇಕಾಗಿತ್ತು. ಪ್ರತಿ ತಿದ್ದುಪಡಿಗೂ ಹಾಳೆಗಳನ್ನು ಹೊಸದಾಗಿ ಟೈಪ್ ಮಾಡುವ ಕಷ್ಟವನ್ನು ತಪ್ಪಿಸಲು ಆತ ‘ರನಾಫ್’ ಎಂಬ ಪ್ರೋಗ್ರಾಂ ಬರೆದ. ಅದರ ನಿಯಮ ಬಹಳ ಸರಳ. ಮಾತನ್ನು ಮಾತಿನಂತೆ ಟೈಪ್ ಮಾಡುತ್ತಾ ಹೋಗಬೇಕು. ಯಂತ್ರಕ್ಕೆ ಸೂಚನೆ ಕೊಡಬೇಕಾದಲ್ಲಿ ಮಾತ್ರ ಹೊಸ ಸಾಲಿನ ಆರಂಭದಲ್ಲಿ ಒಂದು ಚುಕ್ಕಿ ಇಟ್ಟು, ‘ನಡುವೆ ತಾ’, ‘ಜಾಗ ಬಿಡು’, ‘ಹೊಸ ಪುಟ’ ಎಂಬಂಥ ಆಜ್ಞೆಗಳನ್ನು ಬರೆಯಬೇಕು. ಉಳಿದ ಜೋಡಣೆಯೆಲ್ಲ ಯಂತ್ರದ ಪಾಲಿಗೆ.

ಈ ಚುಕ್ಕಿಯ ಸಂತತಿ ಬೆಲ್ ಪ್ರಯೋಗಾಲಯಕ್ಕೆ ಬಂದು ‘ರಾಫ್’ ಎನಿಸಿಕೊಂಡಿತು. ಅಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟುತ್ತಿದ್ದರು. ಅವರಿಗೆ ಹೊಸ ಕಂಪ್ಯೂಟರು ಬೇಕಾಗಿತ್ತು. ದಸ್ತಾವೇಜು ಸಿದ್ಧಪಡಿಸುವ ಸಾಧನ ಮಾಡಿಕೊಡುತ್ತೇವೆಂಬ ಭರವಸೆಯ ಮೇಲೆ ಅದು ಮಂಜೂರಾಯಿತು. 1971ರಲ್ಲಿ ಸಂಸ್ಥೆಯ ಪೇಟೆಂಟ್ ವಿಭಾಗದ ಟೈಪಿಸ್ಟರೇ ಯೂನಿಕ್ಸಿನ ಮೊದಲ ನಿಜವಾದ ಬಳಕೆದಾರರಾದರು. ಜಗತ್ಪ್ರಸಿದ್ಧವಾದ ಆ ವ್ಯವಸ್ಥೆಗೆ ಅನ್ನ ಹಾಕಿದ್ದು ಪುಟ ಜೋಡಿಸುವ ಕೆಲಸವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕರಡಚ್ಚು ನೋಡಿ ನೊಂದ ಪ್ರಾಧ್ಯಾಪಕ

ಈ ಕಥೆಯ ಮುಖ್ಯ ವ್ಯಕ್ತಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕನೂತ್. ಕಂಪ್ಯೂಟರ್ ವಿಜ್ಞಾನದ ಬಗ್ಗೆ ಅವರು ಬರೆದ ಬೃಹದ್ಗ್ರಂಥದ ಮೊದಲ ಸಂಪುಟಗಳು ಸೀಸದ ಮೊಳೆಗಳಲ್ಲಿ ಸೊಗಸಾಗಿ ಅಚ್ಚಾಗಿದ್ದವು. 1977ರಲ್ಲಿ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಬಂತು. ಆ ವೇಳೆಗೆ ಪ್ರಕಾಶಕರು ಮೊಳೆ ಬಿಟ್ಟು ಛಾಯಾಕ್ಷರ ಜೋಡಣೆಗೆ ಬಂದಿದ್ದರು. ಅಕ್ಷರಗಳ ಅಂದಗೇಡಿತನ ಕಂಡು ಕನೂತ್ ಬಹಳ ನೊಂದರು. ಬೇರೆಯವರಾದರೆ ಒಂದು ದೂರಿನ ಪತ್ರ ಬರೆದು ಸುಮ್ಮನಾಗುತ್ತಿದ್ದರು. ಇವರು ತಮ್ಮ ಪುಸ್ತಕದ ಕೆಲಸ ನಿಲ್ಲಿಸಿ, ಪುಟ ಜೋಡಿಸುವ ಪ್ರೋಗ್ರಾಂ ಬರೆಯಲು ಕುಳಿತರು. ಬೇಗನೆ ಮುಗಿಯಬಹುದೆಂದುಕೊಂಡ ಕೆಲಸ ಸುಮಾರು ಹತ್ತು ವರ್ಷ ಹಿಡಿಯಿತು. ಅದರ ಹೆಸರು ‘ಟೆಕ್’. ಗ್ರೀಕ್ ಭಾಷೆಯಲ್ಲಿ ಕಲೆ, ಕುಶಲತೆ ಎಂಬ ಅರ್ಥದ ಪದದಿಂದ ಬಂದದ್ದು. ನೋವಿಗೆ ಕಾರಣವಾದ ಆ ಸಂಪುಟ 1981ರಲ್ಲಿ ಟೆಕ್ ಮೂಲಕವೇ ಅಚ್ಚಾಗಿ ಹೊರಬಂತು.

ಟೆಕ್‌ನ ಜಾಣ್ಮೆಗೆ ಒಂದೇ ಉದಾಹರಣೆ ಸಾಕು. ಸಾಮಾನ್ಯ ಪ್ರೋಗ್ರಾಂಗಳು ಸಾಲು ತುಂಬಿದ ಕೂಡಲೇ ಮುರಿದು ಮುಂದಿನ ಸಾಲಿಗೆ ಹೋಗುತ್ತವೆ. ಹಾಗಾಗಿ ಒಂದು ಸಾಲು ಒತ್ತೊತ್ತಾಗಿ, ಇನ್ನೊಂದು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಟೆಕ್ ಇಡೀ ಪ್ಯಾರಾವನ್ನು ಒಟ್ಟಿಗೆ ನೋಡಿ, ಎಲ್ಲಿ ಮುರಿದರೆ ಎಲ್ಲ ಸಾಲುಗಳೂ ಸಮವಾಗಿ ಕಾಣುತ್ತವೆಂದು ಲೆಕ್ಕ ಹಾಕುತ್ತದೆ. ಅನುಭವಿ ಕಂಪಾಸಿಟರನ ಕಣ್ಣನ್ನು ಗಣಿತಕ್ಕೆ ಇಳಿಸಿದಂತಾಯಿತು. ಕನೂತ್ ಇದನ್ನು ಮಾರಲಿಲ್ಲ. ಎಲ್ಲರಿಗೂ ಉಚಿತವಾಗಿ ಕೊಟ್ಟು, ತಪ್ಪು ಹುಡುಕಿದವರಿಗೆ ತಾವೇ ಬಹುಮಾನದ ಚೆಕ್ ಕಳುಹಿಸಿದರು. ಮುಂದೆ 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಇದರ ಮೇಲೆ ‘ಲೇಟೆಕ್’ ಕಟ್ಟಿದರು. ಅದರಲ್ಲಿ ಲೇಖಕ ‘ಇದು ಅಧ್ಯಾಯ’, ‘ಇದು ಪಟ್ಟಿ’ ಎಂದಷ್ಟೇ ಹೇಳಿದರೆ ಸಾಕು. ರೂಪದ ಚಿಂತೆ ಬೇಡ.

ನಮ್ಮ ಲಿಪಿಗಳ ಪಾಡು

ಇದೆಲ್ಲ ಇಂಗ್ಲಿಷಿನ ಮಾತಾಯಿತು. ಉರ್ದುವಿನ ಗತಿ ಏನು? ನಸ್ತಾಲೀಖ್ ಬರವಣಿಗೆಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಇಳಿಜಾರಾಗಿ ಹರಿಯುತ್ತವೆ; ಪಕ್ಕದ ಅಕ್ಷರಕ್ಕೆ ತಕ್ಕಂತೆ ಆಕಾರ ಬದಲಿಸುತ್ತವೆ. ಸೀಸದ ಮೊಳೆಗೆ ಇದು ಒಗ್ಗಲಿಲ್ಲ. ಆದ್ದರಿಂದ ಕಾತಿಬರು ಕೈಯಿಂದ ಬರೆದದ್ದನ್ನೇ ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಚೆನ್ನೈನಲ್ಲಿ 1927ರಲ್ಲಿ ಆರಂಭವಾದ ‘ದಿ ಮುಸಲ್ಮಾನ್’ ಉರ್ದು ದಿನಪತ್ರಿಕೆಯನ್ನು ದಶಕಗಳ ಕಾಲ ಕಾತಿಬರೇ ಬರೆದರು. 1981ರಲ್ಲಿ ಲಾಹೋರಿನ ‘ಜಂಗ್’ ಪತ್ರಿಕೆ ‘ನೂರಿ ನಸ್ತಾಲೀಖ್’ ಅಕ್ಷರಗಳಲ್ಲಿ ಕಂಪ್ಯೂಟರ್ ಮೂಲಕ ಹೊರಬಂತು. ಅದಕ್ಕಾಗಿ ಕಲಾವಿದ ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಕೂಡಕ್ಷರಗಳನ್ನು ಒಂದೊಂದಾಗಿ ಕೈಯಿಂದ ಬರೆದಿದ್ದರು.

ಕನ್ನಡದ ತೊಂದರೆ ಬೇರೆ ಬಗೆಯದು. ಡಿ.ಟಿ.ಪಿ. ಬಂದಾಗ ಒಂದೊಂದು ಫಾಂಟು ಒಂದೊಂದು ಗುಪ್ತಭಾಷೆಯಾಯಿತು. ಒಂದರಲ್ಲಿ ‘ಕ’ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ‘ಮ’ ಇರಬಹುದು. ನಮ್ಮ ಸಿ.ಡಿ. ಓದಲಾಗದ್ದು ಇದರಿಂದಲೇ. 1991ರಲ್ಲಿ ಬಂದ ಯೂನಿಕೋಡ್ ಪ್ರತಿ ಅಕ್ಷರಕ್ಕೂ ಒಂದೇ ಸ್ಥಿರ ಸಂಖ್ಯೆ ಕೊಟ್ಟಿತು. ಅದರಲ್ಲಿ ಕನ್ನಡವೂ ಇದೆ, ಅರಬ್ಬಿ ಲಿಪಿಯೂ ಇದೆ. 2004ರಲ್ಲಿ ಜೊನಾಥನ್ ಕ್ಯೂ ರೂಪಿಸಿದ ‘ಝೀಟೆಕ್’ ಯೂನಿಕೋಡನ್ನು ನೇರವಾಗಿ ಓದಿ, ಎಡದಿಂದ ಬರುವ ಕನ್ನಡವನ್ನೂ ಬಲದಿಂದ ಬರುವ ಉರ್ದುವನ್ನೂ ಒಂದೇ ಪುಟದಲ್ಲಿ ಜೋಡಿಸಬಲ್ಲದು. ಎರಡೂ ಭಾಷೆ ಕಲಿಸುವ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕೆ?

ಮತ್ತೆ ಸರಳತೆಯ ಕಡೆಗೆ

2004ರಲ್ಲೇ ಜಾನ್ ಗ್ರೂಬರ್ ‘ಮಾರ್ಕ್‌ಡೌನ್’ ಎಂಬ ಇನ್ನೂ ಸುಲಭವಾದ ಗುರುತುಗಳ ಪದ್ಧತಿಯನ್ನು ಪ್ರಕಟಿಸಿದರು. ಉದಾಹರಣೆಗೆ:

# ನಮ್ಮ ಗ್ರಂಥಾಲಯ

*ಇಲ್ಮ್* ಎಂದರೆ ಅರಿವು.

ಮೊದಲ ಸಾಲು ಶೀರ್ಷಿಕೆ. ನಕ್ಷತ್ರಗಳ ನಡುವಿನ ಪದಕ್ಕೆ ಒತ್ತು. ಯಂತ್ರವಿಲ್ಲದಿದ್ದರೂ ಮನುಷ್ಯ ಇದನ್ನು ಓದಬಲ್ಲ. ಇಂಥ ಸಾದಾ ಕಡತವನ್ನು ಬೇರೆ ಬೇರೆ ರೂಪಗಳಿಗೆ ಬದಲಿಸುವ ‘ಪ್ಯಾನ್‌ಡಾಕ್’ 2006ರಲ್ಲಿ ಬಂತು. ಅದು ಮಾರ್ಕ್‌ಡೌನನ್ನು ಲೇಟೆಕ್‌ಗೆ ಬದಲಿಸುತ್ತದೆ. ಲೇಟೆಕ್ ಅದನ್ನು ಮುದ್ರಣಕ್ಕೆ ಸಿದ್ಧವಾದ ಪಿ.ಡಿ.ಎಫ್. ಮಾಡಿಕೊಡುತ್ತದೆ. ಇದನ್ನು ಬರೆದ ಜಾನ್ ಮ್ಯಾಕ್‌ಫರ್ಲೇನ್ ಎಂಜಿನಿಯರರಲ್ಲ, ತತ್ವಶಾಸ್ತ್ರದ ಪ್ರಾಧ್ಯಾಪಕರು! ಕಲಿಯುವ ಮನಸ್ಸಿದ್ದರೆ ಯಾವ ವಿಷಯದ ಶಿಕ್ಷಕನೂ ಎಷ್ಟು ದೂರ ಹೋಗಬಹುದೆಂಬುದಕ್ಕೆ ಇದೇ ಸಾಕ್ಷಿ.

ಈ ಹಾದಿಯಲ್ಲಿ ಕಷ್ಟವೇ ಇಲ್ಲವೆಂದು ನಾನು ಹೇಳುವುದಿಲ್ಲ. ಮೊದಲ ವಾರ ತಲೆನೋವು ಖಂಡಿತ. ತುಂಬ ಚಿತ್ರಗಳಿರುವ ಬಣ್ಣದ ಪುಟಕ್ಕೆ ಡಿ.ಟಿ.ಪಿ.ಯೇ ಅನುಕೂಲ. ಆದರೆ ಉಡುಪು ಯಾವುದೇ ಇರಲಿ, ಬರಹದ ಒಂದು ಸಾದಾ ಯೂನಿಕೋಡ್ ಪ್ರತಿಯನ್ನು ಬೇರೆಯಾಗಿ ಕಾಪಾಡುವುದಕ್ಕೆ ಯಾವ ಖರ್ಚೂ ಇಲ್ಲ.

ಆದ್ದರಿಂದ ಓದುಗರೇ, ನನ್ನ ವಿನಂತಿ ಇಷ್ಟೇ. ಈ ಸಂಚಿಕೆಗೆ ಲೇಖನ ಬರೆದವರು, ಮಸೀದಿಯ ಅಥವಾ ಮೊಹಲ್ಲಾದ ಇತಿಹಾಸ ಬರೆದಿಟ್ಟವರು, ಅಜ್ಜಿಯ ಬಾಯಿಂದ ಕಥೆ ಕೇಳಿ ಟೈಪ್ ಮಾಡಿದ ಮಕ್ಕಳು, ಅಚ್ಚಿಗೆ ಕೊಡುವ ಮೊದಲು ಅದರ ಸಾದಾ ಪ್ರತಿಯೊಂದನ್ನು ಎರಡು ಕಡೆ ಉಳಿಸಿಡಿ. ನಮ್ಮ ಮೇಷ್ಟ್ರ ಆ ಒಂದು ಹಾಳೆ ಇನ್ನು ಸಿಗಲಾರದು. ನಿಮ್ಮ ಹಾಳೆಗಳಾದರೂ ಮುಂದಿನವರ ಕೈಗೆ ಸಿಗಲಿ.