ಹಟ್ಟಿಯ ಸುರಂಗದಿಂದ ಸಿಂಧನೂರಿನ ಗದ್ದೆಗೆ: ಉಸಿರ ಗಾಳಿಯನ್ನು ಅಳೆದ ಇತಿಹಾಸ

ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವನು ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಎಂಬ ಸಂಗತಿಯು ರಾಯಚೂರು ನಾಡಿನ ಚರಿತ್ರೆಗೂ ಚಿನ್ನಕ್ಕೂ ಇರುವ ನಂಟನ್ನು ತೋರಿಸುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ನೂರಾರು ಅಡಿ ಆಳದವರೆಗೆ ಗಣಿಗಾರಿಕೆ ನಡೆದಿತ್ತು. ಬಂಡೆಯ ಮೇಲೆ ಕಟ್ಟಿಗೆ ಉರಿಸಿ ಅದು ಕಾದು ಬಿರಿಯುವಂತೆ ಮಾಡುವುದು ಅಂದಿನ ಕ್ರಮವಾಗಿದ್ದರಿಂದ, ಇಕ್ಕಟ್ಟಾದ ಸುರಂಗದಲ್ಲಿ ಹೊಗೆಯೂ ಅದರೊಡನೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವೂ ತುಂಬಿಕೊಳ್ಳುತ್ತಿದ್ದವು. ಅಪಾಯವನ್ನು ತಿಳಿಸಲು ಕಾರ್ಮಿಕನ ದೇಹವೊಂದನ್ನು ಬಿಟ್ಟು ಬೇರೆ ಸಾಧನವಿರಲಿಲ್ಲ.

ಅಂಥ ಸಾಧನಗಳು ಮೊದಲು ರೂಪುಗೊಂಡದ್ದು ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಿಗಾಗಿ. 1815ರಲ್ಲಿ ಹಂಫ್ರಿ ಡೇವಿ ರೂಪಿಸಿದ ಸುರಕ್ಷಾ ದೀಪದ ಜ್ವಾಲೆಯ ಮೇಲೆ ಮೂಡುವ ನೀಲಿ ಛಾಯೆಯು, ಸಾವಯವ ಅನಿಲಗಳಲ್ಲಿ ಅತ್ಯಂತ ಸರಳವಾದ ಮೀಥೇನ್ ಇರುವುದನ್ನು ಸೂಚಿಸುತ್ತಿತ್ತು. ಆ ಶತಮಾನದ ಕೊನೆಯಲ್ಲಿ ಜೆ. ಎಸ್. ಹಾಲ್ಡೇನ್ ಸಲಹೆಯಂತೆ ಕ್ಯಾನರಿ ಹಕ್ಕಿಗಳು ಕಾರ್ಬನ್ ಮಾನಾಕ್ಸೈಡಿನ ಮುನ್ಸೂಚಕಗಳಾದವು. ಭಾರತದಲ್ಲಿ 1952ರ ಗಣಿ ಕಾಯ್ದೆಯೂ 1961ರ ಲೋಹಗಣಿ ನಿಯಮಗಳೂ ಬಂದಾಗ, ಗಣಿಯೊಳಗಿನ ಗಾಳಿಯಲ್ಲಿ ಕನಿಷ್ಠ ಶೇ. 19ರಷ್ಟು ಆಮ್ಲಜನಕ ಇರಬೇಕೆಂಬ ವಿಧಿ ಜಾರಿಯಾಯಿತು. ಹೀಗೆ, 1947ರಲ್ಲಿ ಸ್ಥಾಪಿತವಾದ ಹಟ್ಟಿ ಕಂಪನಿಯ ಗಣಿಗೂ ಗಾಳಿಯ ಅಳತೆಯು ಕಾನೂನಿನ ಕರ್ತವ್ಯವಾಯಿತು.

ಇದೇ ಕಾಲದಲ್ಲಿ ನೆಲದ ಮೇಲೆ ಮತ್ತೊಂದು ಬಗೆಯ ಅಪಾಯ ಬೆಳೆಯಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ, ಜೋಳ ಮತ್ತು ಹತ್ತಿ ಬೆಳೆಯುತ್ತಿದ್ದ ಸಿಂಧನೂರಿನ ಎರೆಭೂಮಿ ಕ್ರಮೇಣ ಭತ್ತದ ಕಣಜವಾಯಿತು. ಭತ್ತದೊಡನೆ ಕೀಟನಾಶಕವೂ ಬಂದಿತು. ರೈತರು 'ಎಣ್ಣೆ ಹೊಡೆಯುವುದು' ಎನ್ನುವ ಈ ಕೆಲಸದಲ್ಲಿ ಬಳಕೆಯಾಗುವ ಹಲವು ದ್ರವಗಳಲ್ಲಿ ಕೀಟನಾಶಕವಷ್ಟೇ ಅಲ್ಲ, ಅದನ್ನು ಕರಗಿಸಿಡುವ ಕ್ಸೈಲೀನ್‌ನಂಥ ದ್ರಾವಕವೂ ಇರುತ್ತದೆ. ಸಾಮಾನ್ಯ ಉಷ್ಣತೆಯಲ್ಲಿಯೇ ಆವಿಯಾಗುವ ಇಂಥ ಇಂಗಾಲಯುಕ್ತ ವಸ್ತುಗಳನ್ನು ಬಾಷ್ಪಶೀಲ ಸಾವಯವ ಸಂಯುಕ್ತಗಳೆಂದು ಕರೆಯುತ್ತಾರೆ; ಪೆಟ್ರೋಲಿನಲ್ಲಿರುವ, ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ಬೆಂಜೀನ್ ಕೂಡ ಇದೇ ಗುಂಪಿನದು.

ಪತ್ತೆಯ ಸಾಧನಗಳಲ್ಲಿ, 1957ರಲ್ಲಿ ಜೇಮ್ಸ್ ಲವ್‌ಲಾಕ್ ಕಂಡುಹಿಡಿದ ಎಲೆಕ್ಟ್ರಾನ್ ಗ್ರಾಹಕ ಶೋಧಕವು ಕ್ಲೋರಿನ್‌ಯುಕ್ತ ಕೀಟನಾಶಕದ ಅತ್ಯಲ್ಪ ಅಂಶವನ್ನೂ ಗುರುತಿಸಬಲ್ಲದಾಗಿದ್ದರೂ ಪ್ರಯೋಗಾಲಯಕ್ಕೆ ಸೀಮಿತವಾಗಿತ್ತು. ಕೈಯಲ್ಲಿ ಹಿಡಿಯುವ ಅಗ್ಗದ ಸಾಧನಕ್ಕೆ ದಾರಿ ತೆರೆದದ್ದು 1962ರಲ್ಲಿ ಜಪಾನಿನ ನವೊಯೋಶಿ ತಗುಚಿ ಪೇಟೆಂಟ್‌ಗೆ ಸಲ್ಲಿಸಿದ ಸಂವೇದಕ: ಕಾಯಿಸಿದ ತವರದ ಆಕ್ಸೈಡಿನ ಮೇಲೆ ಅಂಟಿಕೊಂಡಿರುವ ಆಮ್ಲಜನಕದೊಡನೆ ಆವಿಯು ವರ್ತಿಸಿದಾಗ ಆ ಆಕ್ಸೈಡಿನ ವಿದ್ಯುತ್ ರೋಧ ಇಳಿಯುತ್ತದೆ. ಇದಕ್ಕಿಂತ ದುಬಾರಿಯಾದ ದ್ಯುತಿ ಅಯಾನೀಕರಣ ಸಾಧನವು 10.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನೇರಳಾತೀತ ಬೆಳಕಿನಿಂದ ಬೆಂಜೀನ್‌ನಂಥ ಅಣುಗಳಿಂದ ಎಲೆಕ್ಟ್ರಾನನ್ನು ಬಿಡಿಸಿ, ಹುಟ್ಟುವ ವಿದ್ಯುತ್ತನ್ನು ಅಳೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ಟರು ಲೋಹ ಆಕ್ಸೈಡ್ ಸಂವೇದಕಗಳ ಸಾಮರ್ಥ್ಯವನ್ನು ಹೆಚ್ಚಿಸಿದ ಸಂಶೋಧನೆಗೂ ಸೇರಿ 2018ರ ಇನ್ಫೋಸಿಸ್ ಪ್ರಶಸ್ತಿ ಪಡೆದರು. ಆದರೂ ಅಗ್ಗದ ಸಂವೇದಕವು ಆವಿ ಇದೆಯೆಂದು ಎಚ್ಚರಿಸುತ್ತದೆಯೇ ಹೊರತು ಯಾವ ಆವಿಯೆಂದು ಹೇಳಲಾರದು. ಗದ್ದೆಯ ತೇವವೂ ಅದರ ಅಳತೆಯನ್ನು ಏರುಪೇರು ಮಾಡುತ್ತದೆ. ಆದ್ದರಿಂದ ಅದು ಮುಖಗವಸಿಗೂ ಕೈಗವಸಿಗೂ ಬದಲಿಯಾಗದು.

ಭೂಮಿಯೊಳಗಿನ ಕಾರ್ಮಿಕನ ಗಾಳಿಗೆ ಕಾನೂನಿನ ಕಾವಲು ದೊರೆತಿರುವಾಗ, ಮುಚ್ಚಿದ ಗೋದಾಮಿನಲ್ಲಿ ಔಷಧಿ ಬೆರೆಸುವ ಕೂಲಿಯ ಗಾಳಿಯನ್ನು ಯಾರೂ ಅಳೆಯದಿರುವುದು ನ್ಯಾಯವಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರಗಳೂ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ಈ ಸಾಧನಗಳನ್ನು ಸ್ಥಳೀಯವಾಗಿ ಪರೀಕ್ಷಿಸಿ, ಬಳಸುವ ಕ್ರಮವನ್ನು ಕಲಿಸಿ, ಕೂಲಿಕಾರರ ಕೈಗೆ ತಲುಪಿಸುವ ಹೊಣೆಯನ್ನು ಹೊರಬೇಕು.