ಜೋಡುನುಡಿಗಳ ಚರಿತ್ರೆ: ಸೇಡಂ ಸೀಮೆಯ ಕನ್ನಡವೂ ಇಂಗ್ಲಿಷಿನ ಪದಯುಗ್ಮಗಳೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಿಗೆ ಇಂಗ್ಲಿಷಿನ ಪದಯುಗ್ಮಗಳು ತೊಡಕಿನ ವಿಷಯವಾಗಿವೆ. 'ಬ್ರೆಡ್ ಅಂಡ್ ಬಟರ್', 'ಲಾ ಅಂಡ್ ಆರ್ಡರ್', 'ವಿಲ್ ಅಂಡ್ ಟೆಸ್ಟಮೆಂಟ್' ಮೊದಲಾದವನ್ನು ಪಟ್ಟಿಮಾಡಿ ಬಾಯಿಪಾಠ ಮಾಡಿಸುವುದು ರೂಢಿ. ಪದಗಳ ಕ್ರಮ ತಪ್ಪಿದರೆ ನಾವು ಕೆಂಪು ಶಾಯಿಯಿಂದ ತಿದ್ದುತ್ತೇವೆ, ಕಾರಣವನ್ನು ಹೇಳುವುದಿಲ್ಲ. ಅದೇ ವಿದ್ಯಾರ್ಥಿಗಳು ತಮ್ಮ ಮನೆಮಾತಿನಲ್ಲಿ 'ಕೋರ್ಟುಕಚೇರಿ' ಎಂದರೆ, ಅದು ಬೆರಕೆಯ ಮಾತೆಂದು ಅವರನ್ನು ನಾಚಿಸುವವರೂ ಉಂಟು. ಈ ತೊಡಕಿಗೂ ಈ ನಾಚಿಕೆಗೂ ಚರಿತ್ರೆಯಲ್ಲಿ ಒಂದೇ ಪರಿಹಾರವಿದೆಯೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಇಂಗ್ಲೆಂಡನ್ನು ನೋಡೋಣ. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದ ಮೇಲೆ ಆಳುವವರ ನುಡಿ ಫ್ರೆಂಚ್ ಆಯಿತು. ಲ್ಯಾಟಿನ್ ದಾಖಲೆಗಳ ಭಾಷೆಯಾಗಿ ನಿಂತಿತು. ಜನರ ನುಡಿ ಇಂಗ್ಲಿಷಾಗಿಯೇ ಉಳಿಯಿತು. ನ್ಯಾಯಸ್ಥಾನದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಶಾಸನವಾದದ್ದು 1362ರಲ್ಲಿ. ಈ ನಡುವಣ ಶತಮಾನಗಳಲ್ಲಿಯೂ ಅನಂತರದಲ್ಲಿಯೂ ಒಂದೇ ಅರ್ಥಕ್ಕೆ ಎರಡು ಮೂಲದ ಪದಗಳನ್ನು ಜೋಡಿಸಿ ಬರೆಯುವ ವಾಡಿಕೆ ಬಲವಾಯಿತು. 'ವಿಲ್' ದೇಶ್ಯ, 'ಟೆಸ್ಟಮೆಂಟ್' ಲ್ಯಾಟಿನ್. 'ಗೂಡ್ಸ್' ದೇಶ್ಯ, 'ಚಾಟಲ್ಸ್' ಫ್ರೆಂಚ್. 'ಬ್ರೇಕಿಂಗ್' ದೇಶ್ಯ, 'ಎಂಟರಿಂಗ್' ಫ್ರೆಂಚ್. ಎಲ್ಲ ಯುಗ್ಮಗಳೂ ಹೀಗೆಯೇ ಹುಟ್ಟಿದವೆಂದು ನಾವು ಹೇಳುವುದಿಲ್ಲ. ಪ್ರಾಸಕ್ಕಾಗಿ ಪದಗಳನ್ನು ಜೋಡಿಸುವ ಅಭ್ಯಾಸ ಅಲ್ಲಿ ನಾರ್ಮನ್ನರಿಗಿಂತಲೂ ಹಳೆಯದು. ಆದರೆ ನ್ಯಾಯಸ್ಥಾನದ ಯುಗ್ಮಗಳಲ್ಲಿ ಎರಡು ನುಡಿಗಳು ಎದುರುಬದುರಾದ ಗುರುತು ಸ್ಪಷ್ಟವಾಗಿದೆ.

ಇನ್ನು ನಮ್ಮ ಸೀಮೆ. 1347ರಲ್ಲಿ ಕಲಬುರಗಿಯು ಬಹಮನಿ ರಾಜ್ಯದ ರಾಜಧಾನಿಯಾದಂದಿನಿಂದ ಫಾರಸಿಯು ಇಲ್ಲಿಯ ಆಡಳಿತದೊಳಕ್ಕೆ ಬಂದಿತು. ಮುಂದೆ ಈ ಊರುಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿ 1880ರ ದಶಕದಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1948ರ ಸೆಪ್ಟೆಂಬರಿನವರೆಗೂ ಅದು ನಡೆಯಿತು. 1956ರಲ್ಲಿ ಈ ಭಾಗವು ಮೈಸೂರು ರಾಜ್ಯವನ್ನು ಸೇರಿತು. ಇಷ್ಟು ದೀರ್ಘಕಾಲ ಹೊಲದ ಮಾತೊಂದು, ಕಚೇರಿಯ ಮಾತೊಂದು ಆಗಿದ್ದಲ್ಲಿ ಜೋಡುನುಡಿಗಳು ಬಳಕೆಗೆ ಬಂದದ್ದು ಸಹಜವೇ. 'ಕಾಗದಪತ್ರ'ದಲ್ಲಿ ಕಾಗದ ಫಾರಸಿಯದು, ಪತ್ರ ಸಂಸ್ಕೃತದ್ದು. 'ಕಾನೂನುಕಟ್ಟಳೆ'ಯಲ್ಲಿ ಕಾನೂನು ಅರಬ್ಬಿಯಿಂದ ಬಂದದ್ದು, ಕಟ್ಟಳೆ ಅಚ್ಚಗನ್ನಡ. ಹೊಲಮನೆ, ಮಳೆಬೆಳೆ, ಗಿಡಮರ ಎಂಬ ಬದುಕಿನ ಜೋಡಿಗಳಾದರೋ ಎರಡು ಕಡೆಯೂ ಕನ್ನಡವಾಗಿಯೇ ಉಳಿದವು. ಈ ನುಡಿಗಳು ಕನ್ನಡ ನಾಡಿನ ಇತರ ಭಾಗಗಳಲ್ಲಿಯೂ ಬಳಕೆಯಲ್ಲಿವೆ. ಆದರೆ ಅವುಗಳನ್ನು ಹುಟ್ಟಿಸುವಂಥ ಪರಿಸ್ಥಿತಿ ಇಲ್ಲಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಜೀವಂತವಾಗಿತ್ತು.

1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ರೈಲುದಾರಿ ತೆರೆಯಿತು. ರೈಲಿನೊಡನೆ ಇಂಗ್ಲಿಷ್ ಪದಗಳೂ ಬಂದವು. ಜನರು 'ರೈಲುಗಾಡಿ' ಎಂದರು: ಹೊಸ ಪದವು ಮುಂದೆ, ಪರಿಚಿತ ಪದವು ಅದರ ಬೆನ್ನಿಗೆ. 'ಕೋರ್ಟುಕಚೇರಿ'ಯ ಕ್ರಮವೂ ಇದೇ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕಚೇರಿಯೆಂಬುದು ಹಿಂದೂಸ್ತಾನಿಯಿಂದ ಬಂದ ಪದ. ಒಂದು ಕಾಲಕ್ಕೆ ಅದೇ ಆಳುವವರ ಮಾತು. ಇಂಗ್ಲಿಷಿನ ಕೋರ್ಟು ಬಂದಾಗ ಅದು ಮನೆಯ ಮಾತಾಗಿ ನಿಂತು ಹೊಸಬನಿಗೆ ಅರ್ಥ ಹೇಳಿತು. ನಿನ್ನೆಯ ಅತಿಥಿ ಇಂದಿನ ಮನೆಯವನಾದ ಚರಿತ್ರೆ ಒಂದೇ ಮಾತಿನಲ್ಲಿ ಅಡಗಿದೆ.

ಬೆರಕೆಯ ಆಕ್ಷೇಪವು ಹೊಸದಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಅಲ್ಲಿ ಆಳಿದ ಅಮೋಘವರ್ಷನ ಆಸ್ಥಾನಕ್ಕೆ ಸಂಬಂಧಿಸಿದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಸಮಾಸದಲ್ಲಿ ಸಂಸ್ಕೃತ ಕನ್ನಡಗಳನ್ನು ಅರಿಯದೆ ಬೆರಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸುತ್ತದೆ. ಆ ವಿಧಿ ಕಾವ್ಯಕ್ಕೆ ಹೇಳಿದ್ದು. ಕಂದಾಯ ಕಟ್ಟಬೇಕಾದ ರೈತನಿಗೆ ಹಾಲು ಒಡೆಯುವ ಚಿಂತೆಗಿಂತ ಕಾಗದವನ್ನು ಅರ್ಥಮಾಡಿಕೊಳ್ಳುವ ಚಿಂತೆಯೇ ದೊಡ್ಡದಾಗಿತ್ತು. ಅದೇ ನೆಲದ ಜನ ಆ ವಿಧಿಯನ್ನು ಮೀರಿದ್ದು ಅಜ್ಞಾನದಿಂದಲ್ಲ, ಅವಶ್ಯಕತೆಯಿಂದ.

ತರಗತಿಯಲ್ಲಿ ಇದರಿಂದಾಗುವ ಪ್ರಯೋಜನವು ಎರಡು ಬಗೆಯದು. ಮೊದಲನೆಯದು ಕ್ರಮದ ವಿಚಾರ. ಕಡಮೆ ಸ್ವರಗಳುಳ್ಳ ಪದವು ದ್ವಂದ್ವ ಸಮಾಸದಲ್ಲಿ ಮೊದಲು ಬರಬೇಕೆಂದು ಪಾಣಿನಿ ವಿಧಿಸಿದ್ದಾನೆ. ಬ್ರೆಡ್ ಮೊದಲು, ಬಟರ್ ಅನಂತರ. ಲಾ ಮೊದಲು, ಆರ್ಡರ್ ಅನಂತರ. ಕೋರ್ಟುಕಚೇರಿಯೂ ಇದಕ್ಕೆ ಒಪ್ಪುತ್ತದೆ, ಕಾಗದಪತ್ರ ಒಪ್ಪುವುದಿಲ್ಲ. ಆದುದರಿಂದ ಇದು ಕಟ್ಟಳೆಯಲ್ಲ, ಒಲವು ಮಾತ್ರ. ಎರಡನೆಯದು ಅರ್ಥದ ವಿಚಾರ. 'ವಿಲ್'ಗೂ 'ಟೆಸ್ಟಮೆಂಟ್'ಗೂ ಭೇದವೇನೆಂದು ಕೇಳುವ ವಿದ್ಯಾರ್ಥಿಗೆ, ಕಾಗದಕ್ಕೂ ಪತ್ರಕ್ಕೂ ಭೇದವೇನೆಂದು ನಾವು ಮರಳಿ ಕೇಳಬಹುದು. ಉತ್ತರ ಅವನ ಬಾಯಲ್ಲಿಯೇ ಇದೆ.

ಎರಡು ನುಡಿಗಳ ನಡುವೆ ಬಾಳಿದ ಜನ ಲಂಡನ್ನಿನಲ್ಲಾಗಲಿ ಚಿತ್ತಾಪುರದಲ್ಲಾಗಲಿ ಒಂದೇ ಉಪಾಯವನ್ನು ಕಂಡುಕೊಂಡರು. ಅಲ್ಲಿಯದನ್ನು ಪಾಠವೆಂದು ಕಲಿಸಿ ಇಲ್ಲಿಯದನ್ನು ದೋಷವೆಂದು ತಿದ್ದುವುದು ನ್ಯಾಯವಲ್ಲ. ಈ ಐದು ಊರುಗಳ ಮನೆಗಳಲ್ಲಿ ಹಿರಿಯರು ಆಡುವ ಜೋಡುನುಡಿಗಳನ್ನು ವಿದ್ಯಾರ್ಥಿಗಳಿಂದಲೇ ಸಂಗ್ರಹಿಸಿ ಮೂಲಗಳನ್ನು ಗುರುತಿಸಿದರೆ, ಇಂಗ್ಲಿಷಿನ ಪಾಠ ಸುಗಮವಾಗುವುದಲ್ಲದೆ ಸ್ಥಳೀಯ ಚರಿತ್ರೆಗೂ ಒಂದು ಆಕರ ದೊರೆಯುವುದೆಂದು ನಾವು ನಂಬುತ್ತೇವೆ.