ಕಿಡಿಯ ಮುಹೂರ್ತ

ತಂದೆಯವರು ಬಿಟ್ಟುಹೋದ ಅಂಬಾಸಿಡರ್ ಕಾರನ್ನು ನಾನೇ ರಿಪೇರಿ ಮಾಡುವೆನೆಂದು ಹೊರಟು, ಒಂದು ಭಾನುವಾರವೆಲ್ಲ ಎಣ್ಣೆಯಲ್ಲಿ ಮಿಂದೆ. ಗುರುತಿಗೆ ಗುರುತು ಕೂಡಿಸಿ, ಡಿಸ್ಟ್ರಿಬ್ಯೂಟರನ್ನೂ ಅದನ್ನು ತಿರುಗಿಸುವ ಶಾಫ್ಟನ್ನೂ ಕೂರಿಸಿ ಕೀಲಿ ತಿರುಗಿಸಿದರೆ, ಎಂಜಿನ್ ಕಾರ್ಬುರೇಟರಿನಿಂದ ಢಂ ಎಂದು ಸೀನಿತೇ ಹೊರತು ಓಡಲಿಲ್ಲ. ಬೀದಿಯ ಕೊನೆಯ ವೃದ್ಧ ಮೇಸ್ತ್ರಿ ಬಂದು ಕೇಳಿದ್ದು ಒಂದೇ ಮಾತು: “ಪಿಸ್ಟನ್ ಮೇಲೆ ಬಂದಿದೆ, ಸರಿ ಸ್ವಾಮಿ. ಯಾವ ಸಲ ಬಂದಿದೆ?”

ಆ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಪೆಟ್ರೋಲು ಉರಿಯುವುದಕ್ಕೂ ತುಸು ಕಾಲ ಬೇಕು. ಆದಕಾರಣ ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ವೇಗ ಹೆಚ್ಚಿದಷ್ಟೂ ಇನ್ನಷ್ಟು ಮೊದಲು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಈ ಮುಹೂರ್ತವಿಡುವ ಪುರೋಹಿತ ಚಾಲಕನೇ. ಸ್ಟಿಯರಿಂಗ್ ಚಕ್ರದ ಕೆಳಗೆ ಎಡಗಡೆಗೆ ಅದಕ್ಕೊಂದು ಹಿಡಿಕೆಯಿತ್ತು. ಕಿಡಿಯನ್ನು ತಡಮಾಡಲು ಮರೆತು ಮುಂದಿನ ಹ್ಯಾಂಡಲ್ ಹೊಡೆದವನನ್ನು ಎಂಜಿನ್ ತಿರುಗಿ ಒದೆಯುತ್ತಿತ್ತು. ಮಣಿಕಟ್ಟು ಮುರಿದುಕೊಂಡವರು ಅನೇಕರು.

ಅಮೆರಿಕದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬಾತ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಏರ್ಪಾಟೊಂದನ್ನು ರೂಪಿಸಿದನು. 1910ರ ಕ್ಯಾಡಿಲಾಕ್ ಕಾರಿಗೆ ಅದು ಬಂತು. 1912ರ ಕಾರಿಗೆ ಅವನದೇ ವಿದ್ಯುತ್ ಸ್ಟಾರ್ಟರ್ ಬಂದು ಹ್ಯಾಂಡಲಿನ ಕಾಟವೂ ತಪ್ಪಿತು. ಕ್ರಮೇಣ ಡಿಸ್ಟ್ರಿಬ್ಯೂಟರಿನ ಒಡಲಲ್ಲಿ ಎರಡು ಪುಟ್ಟ ತೂಕದ ತುಂಡುಗಳು ನೆಲಸಿದವು. ವೇಗ ಏರಿದಂತೆ ಅವು ಹೊರಕ್ಕೆ ಸರಿದು ಕಿಡಿಯನ್ನು ತಾವೇ ಮುಂಚಿತಗೊಳಿಸಿದವು. ಚಾಲಕನ ಹಿಡಿಕೆ ಮಾಯವಾಯಿತು.

ಆದರೂ ಮೊದಲ ಮುಹೂರ್ತವನ್ನು ಮನುಷ್ಯನೇ ಇಡಬೇಕಿತ್ತು. ಒಂದು ಕಿಡಿಯಿಂದ ಮತ್ತೊಂದು ಕಿಡಿಯೊಳಗೆ ಪಿಸ್ಟನ್ ಎರಡು ಸಲ ತುದಿಗೇರುತ್ತದೆ: ಒಮ್ಮೆ ಪೆಟ್ರೋಲು ಬೆರೆತ ಗಾಳಿಯನ್ನು ಅದುಮುತ್ತ, ಇನ್ನೊಮ್ಮೆ ಹೊಗೆಯನ್ನು ಹೊರದೂಡುತ್ತ. ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದು ಅದಕ್ಕೇ. ನಾನು ಶಾಫ್ಟನ್ನು ಕೂರಿಸಿದ್ದು ಹೊಗೆಯ ಸಲಕ್ಕೆ. ಸರಿಯಾಗಿ ಅರ್ಧ ಸುತ್ತಿನ ತಪ್ಪು!

ಮೇಸ್ತ್ರಿ ಮೊದಲನೆಯ ಪ್ಲಗ್ಗನ್ನು ಬಿಚ್ಚಿ, ತೂತಿನ ಮೇಲೆ ನನ್ನ ಹೆಬ್ಬೆರಳನ್ನೇ ಇಡಿಸಿ, ಎಂಜಿನ್ನನ್ನು ಮೆಲ್ಲಗೆ ತಿರುಗಿಸಿದರು. ಗಾಳಿ ಬೆರಳನ್ನು ತಳ್ಳಿತು. “ಇದು ಆ ಸಲ” ಎಂದರು. ಶಾಫ್ಟನ್ನು ತಿರುಗಿಸಿ ಕೂರಿಸಿ, ಪಾಯಿಂಟಿಗೆ ಸಣ್ಣ ಬಲ್ಬು ಕಟ್ಟಿ, ಅದು ಹೊತ್ತಿದ ಕಡೆಗೆ ಡಿಸ್ಟ್ರಿಬ್ಯೂಟರನ್ನು ಬಿಗಿದರು. 1-3-4-2ರ ವರಸೆಯಲ್ಲಿ ತಂತಿ ಸಿಕ್ಕಿಸಿದರು. ಕಾರು ಒಂದೇ ಸಲಕ್ಕೆ ಹೊರಟಿತು.

ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಹೊಸ ಕಾರುಗಳಲ್ಲಿ ಮುಹೂರ್ತವಿಡುವುದು ಕಂಪ್ಯೂಟರ್, ಡಿಸ್ಟ್ರಿಬ್ಯೂಟರೇ ಇಲ್ಲ. ಅದಕ್ಕಾಗಿ ನಾನು ಕೊರಗುವುದಿಲ್ಲ. ತಂದೆಯವರು ಇದೇ ಕೆಲಸವನ್ನು ಮಾಡುವಾಗ ಟಾರ್ಚು ಹಿಡಿದು ಪಕ್ಕದಲ್ಲಿ ನಿಂತವನು ನಾನೇ. ಬೆಳಕು ಹಿಡಿದೆನೇ ಹೊರತು, ಒಮ್ಮೆಯೂ ನೋಡಲಿಲ್ಲವಲ್ಲ ಎಂಬುದೇ ಕೊರಗು.